ಬನ್ನಿಯ ಬೇರು, ಅವರೆಯ ಇರುಳು

ಮೈಸೂರು ಅರಮನೆಯಿಂದ ಹೊರಟ ಜಂಬೂಸವಾರಿ ಸುಮಾರು 5 ಕಿಲೋಮೀಟರ್ ನಡೆದು ಬಂದು ನಿಲ್ಲುವುದು ನಾವಿರುವ ಬನ್ನಿಮಂಟಪದಲ್ಲಿ. 750 ಕಿಲೋ ತೂಕದ ಚಿನ್ನದ ಅಂಬಾರಿ, ಅದನ್ನು ಹೊತ್ತ ಆನೆ, ಹಿಂದೆ ಮುಂದೆ ಸ್ತಬ್ಧಚಿತ್ರ, ಕಂಸಾಳೆ, ಡೊಳ್ಳು, ಪೊಲೀಸ್ ಬ್ಯಾಂಡು. ಆ ದಿನ ನಮ್ಮ ಕಡೆಯ ರಸ್ತೆಗಳಲ್ಲಿ ಎಳ್ಳು ಎರಚಿದರೂ ನೆಲಕ್ಕೆ ಬೀಳದಷ್ಟು ಜನ. ರಾತ್ರಿ ಮೈದಾನದಲ್ಲಿ ಪಂಜಿನ ಕವಾಯತು ಮುಗಿದರೆ ಆ ವರ್ಷದ ದಸರೆಗೆ ತೆರೆ. ಮಾರನೆಯ ಬೆಳಗ್ಗೆ ಬಸ್ ಡಿಪೋದಿಂದ ಬಸ್ಸುಗಳು ಹೊರಡುತ್ತವೆ, ಮೆಡಿಕಲ್ ಕಾಲೇಜಿನ ಹುಡುಗರು ಬಿಳಿ ಕೋಟು ತೋಳಿಗೆ ಹಾಕಿಕೊಂಡು ಟೀ ಅಂಗಡಿ ಮುಂದೆ ನಿಲ್ಲುತ್ತಾರೆ, ಬಡಾವಣೆ ತನ್ನ ಪಾಡಿಗೆ ತಾನಿರುತ್ತದೆ.

ಇಷ್ಟು ದೊಡ್ಡ ಮೆರವಣಿಗೆ ಅಷ್ಟು ದೂರ ಬರುವುದು ಯಾತಕ್ಕೆ ಎಂದು ನೆನೆದಾಗಲೆಲ್ಲ ನನಗೆ ಬೆರಗಾಗುತ್ತದೆ. ಅದು ಬರುವುದು ಒಂದು ಮರದ ಹತ್ತಿರಕ್ಕೆ. ಅರಸರ ಕಾಲದಲ್ಲಿ ಮಹಾರಾಜರೇ ಅಂಬಾರಿಯಲ್ಲಿ ಕೂತು ಬಂದು ಇಲ್ಲಿ ಬನ್ನಿಪೂಜೆ ಮಾಡುತ್ತಿದ್ದರು. ಈಗ ಅಂಬಾರಿಯಲ್ಲಿ ಚಾಮುಂಡೇಶ್ವರಿಯ ಮೂರ್ತಿ ಬರುತ್ತದೆ. ಗೆಲುವಿನ ಹಬ್ಬವನ್ನು ಸಿಂಹಾಸನದ ಮುಂದೆಯೋ ಕೋಟೆಯ ಬಾಗಿಲಲ್ಲೋ ಮುಗಿಸಬಹುದಿತ್ತು. ನಮ್ಮ ಹಿರಿಯರು ಅದನ್ನು ಮೈತುಂಬ ಮುಳ್ಳಿರುವ, ಸಣ್ಣಸಣ್ಣ ಎಲೆಯ, ನೆರಳು ಕೂಡ ತೆಳ್ಳಗಿರುವ ಒಂದು ಮರದ ಬುಡಕ್ಕೆ ತಂದು ಮುಗಿಸಿದರು. ಆಲವಲ್ಲ, ಅರಳಿಯಲ್ಲ, ಗಂಧದ ಮರವೂ ಅಲ್ಲ. ಬನ್ನಿಯೇ ಯಾಕೆ?

ಪುರಾಣದ ಉತ್ತರ ಎಲ್ಲರಿಗೂ ಗೊತ್ತು. ಅಜ್ಞಾತವಾಸಕ್ಕೆ ವಿರಾಟನಗರಿಗೆ ಹೊರಟ ಪಾಂಡವರು ತಮ್ಮ ಆಯುಧಗಳನ್ನೆಲ್ಲ ಗಂಟುಕಟ್ಟಿ ಬನ್ನಿಮರದ ಮೇಲಿಟ್ಟರು. ವರ್ಷ ತುಂಬಿದ ಮೇಲೆ ಅರ್ಜುನ ಗಾಂಡೀವವನ್ನು ಕೆಳಗಿಳಿಸಿಕೊಂಡ. ಅವನು ಅದನ್ನು ಇಳಿಸಿದ್ದು ರಾಜ್ಯಕ್ಕಾಗಿ ಅಲ್ಲ ಎಂಬುದನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ. ಕೌರವರು ಹೊಡೆದುಕೊಂಡು ಹೊರಟಿದ್ದ ದನಗಳನ್ನು ಬಿಡಿಸಿಕೊಂಡು ಬರಲು ಆ ಬಿಲ್ಲು ಇಳಿಯಿತು. ಈ ಕತೆಯನ್ನು ಹೇಳುವ ವಿರಾಟಪರ್ವವನ್ನು ನಮ್ಮ ಹಳ್ಳಿಗಳಲ್ಲಿ ಮಳೆ ಕೈಕೊಟ್ಟಾಗ ಓದಿಸುತ್ತಿದ್ದರು. ಕೆಲವು ಊರುಗಳಲ್ಲಿ ಇವತ್ತಿಗೂ ಓದಿಸುತ್ತಾರೆ. ಓದಿಸಿದರೆ ಮಳೆ ಬರುತ್ತದೆ ಎಂಬ ನಂಬಿಕೆ. ನಂಬಿಕೆಯ ಮಾತು ಹಾಗಿರಲಿ. ಆಯುಧ ಅಡಗಿಸಿಟ್ಟ ಕತೆ ಮಳೆ ತರಿಸುವ ಕತೆಯೂ ಆಗಿರುವುದು ನನಗೆ ಆಕಸ್ಮಿಕ ಅನ್ನಿಸುವುದಿಲ್ಲ. ದನ, ಮಳೆ, ಬೆಳೆ, ಬನ್ನಿ ಇವಿಷ್ಟೂ ಎಲ್ಲೋ ಒಂದೇ ದಾರದಲ್ಲಿ ಪೋಣಿಸಿಕೊಂಡಿವೆ. ಆ ದಾರದ ಒಂದು ತುದಿ ನನಗೆ ಸಿಕ್ಕಿದ್ದು ನಮ್ಮ ಹಿತ್ತಲಿನಲ್ಲಿ.

ಹಿತ್ತಲು ಅಂದರೆ ದೊಡ್ಡದಾಗಿ ಊಹಿಸಿಕೊಳ್ಳಬೇಡಿ. ಬಾಡಿಗೆ ಮನೆಯ ಹಿಂದೆ ಒಂದು ಪಟ್ಟಿ ನೆಲ, ಪಕ್ಕದಲ್ಲಿ ಇನ್ನೂ ಕಟ್ಟಡ ಏಳದ ಒಂದು ಸೈಟು. ಸೈಟಿನ ಮಾಲೀಕರು ‘ಕಸ ಬೀಳೋ ಬದಲು ಗಿಡವಾದರೂ ಇರಲಿ’ ಎಂದು ಒಪ್ಪಿದ್ದಾರೆ. ಅವರು ಪಾಯ ತೆಗೆಯುವ ದಿನ ನಮ್ಮ ಬೇಸಾಯ ಮುಗಿಯುತ್ತದೆ, ಅದು ನಮಗೂ ಗೊತ್ತು. ನಾನು, ನನ್ನ ಗಂಡ ಇಬ್ಬರೂ ಕೆಲಸಕ್ಕೆ ಹೋಗುವವರು. ಮಗಳು ಎರಡನೇ ಕ್ಲಾಸು. ಹುಣಸೂರು ಕಡೆಯ ಹಳ್ಳಿಯಿಂದ ಬಂದು ನಮ್ಮ ಜೊತೆಗಿರುವ ಅತ್ತೆಯೇ ಈ ಸಂಸಾರದ ನಿಜವಾದ ರೈತ. ಸೊಪ್ಪು ಮನೆಗೆ ಸಾಕಾಗುವಷ್ಟು ಬರುತ್ತದೆ: ದಂಟು, ಕೀರೆ, ಸಬ್ಬಸಿಗೆ, ಮೆಂತ್ಯ, ಬಸಳೆ. ತರಕಾರಿ ಅರೆಬರೆ. ಅಕ್ಕಿ, ರಾಗಿ, ಎಣ್ಣೆ ಅಂಗಡಿಯಿಂದಲೇ ಬರಬೇಕು. ಮಳೆ ಬಿದ್ದ ವಾರಕ್ಕೆ ಯಾರೂ ಬಿತ್ತದೆ ಏಳುವ ಗಣಿಕೆ, ಹೊನಗೊನ್ನೆ, ಅಣ್ಣೆಯನ್ನು ನಾನು ಕಳೆ ಎಂದು ಕೀಳಹೋದರೆ ಅತ್ತೆ ಕೈ ಹಿಡಿಯುತ್ತಾರೆ. ಅದೆಲ್ಲ ಸೇರಿ ಸಂಜೆಗೆ ಬೆರಕೆ ಸೊಪ್ಪಿನ ಸಾರು. ಬಿತ್ತಿದವರಿಲ್ಲದ ಬೆಳೆಯ ಊಟ ಅದು. ಮುದ್ದೆ ಮುರಿದು ಅದರಲ್ಲಿ ಅದ್ದುವಾಗ ಮಗಳು ಕೇಳುತ್ತಾಳೆ, ‘ಇದನ್ನ ಯಾರು ಹಾಕಿದ್ದು?’ ನಮ್ಮ ಬಳಿ ಉತ್ತರವಿರುವುದಿಲ್ಲ. ಹಕ್ಕಿಯೋ, ಗಾಳಿಯೋ, ಹೋದ ವರ್ಷದ ಮಳೆಯೋ.

ನಗರದ ನಡುವೆ ಇದೇನು ಹುಚ್ಚು ಎನ್ನುವವರಿದ್ದಾರೆ. ಆದರೆ ಈ ಊರು ತಾನು ಉಣ್ಣುವ ಬೆಳೆಗೆ ತನ್ನ ಹೆಸರನ್ನೇ ಕೊಟ್ಟಿದ್ದ ಕಾಲವೊಂದಿತ್ತು. ನಮ್ಮಿಂದ ದೂರವೇನೂ ಅಲ್ಲದ ಈರನಗೆರೆ ಒಂದು ಬದನೆಯ ತಳಿಗೆ ಹೆಸರಾಗಿದೆ. ಆ ಬದನೆ ಬೆಳೆಯುತ್ತಿದ್ದ ನೆಲ ಈಗ ಮನೆ, ಅಂಗಡಿ, ಗ್ಯಾರೇಜು. ಹೆಸರು ಮಾತ್ರ ಕಾಯಿಯ ಜೊತೆ ಊರ ಹೊರಗಿನ ಹೊಲಗಳಿಗೆ ಹೋಯಿತು. ಮೈಸೂರು ಮಲ್ಲಿಗೆ, ಮೈಸೂರು ವೀಳ್ಯದೆಲೆ, ಪಕ್ಕದ ನಂಜನಗೂಡಿನ ರಸಬಾಳೆ ಮೂರಕ್ಕೂ ಭೌಗೋಳಿಕ ಸೂಚ್ಯಂಕದ ಮನ್ನಣೆ ಇದೆ. ರಸಬಾಳೆಯಂತೂ ಸೊರಗು ರೋಗಕ್ಕೆ ಸಿಕ್ಕಿ ಇನ್ನೇನು ಹೋಯಿತು ಅನ್ನುವ ಮಟ್ಟಕ್ಕೆ ಬಂದು ಉಸಿರು ಹಿಡಿದುಕೊಂಡಿದೆ. ಅರಮನೆ, ಮೃಗಾಲಯ ನೋಡಲು ಬರುವ ಊರು ಒಂದು ಕಾಲಕ್ಕೆ ಮಣ್ಣಿನ ಊರೂ ಆಗಿತ್ತು ಎನ್ನುವುದಕ್ಕೆ ಈ ಹೆಸರುಗಳೇ ಸಾಕ್ಷಿ.

ಅವರೆಯನ್ನು ಅತ್ತೆ ಪುಷ್ಯ ಮಳೆಯ ಹದಕ್ಕೆ ಹಾಕಿಸುತ್ತಾರೆ. ಊರಿನಿಂದ ತಂದ ಬೀಜ, ಬೂದಿ ಬೆರೆಸಿ ಡಬ್ಬದಲ್ಲಿಟ್ಟಿದ್ದು. ಉತ್ತರೆ ಮಳೆಯ ಹೊತ್ತಿಗೆ ಬಳ್ಳಿ ಒತ್ತಾಗಿದೆ ಎಂದು ನಡುನಡುವೆ ಕೆಲವನ್ನು ಕಿತ್ತು ತೆಳುಮಾಡುವುದು ವಾಡಿಕೆ. ಹಾಗೆ ಕಿತ್ತ ಒಂದು ಗಿಡವನ್ನು ಮಗಳು ಬಕೆಟ್ಟಿನ ನೀರಿನಲ್ಲಿ ಅದ್ದಿ ಬೇರು ತೊಳೆದಳು. ಬೇರಿನ ತುಂಬ ಸಾಸಿವೆಯಿಂದ ಹಿಡಿದು ಮೆಣಸಿನ ಕಾಳಿನ ಗಾತ್ರದವರೆಗೆ ಗಂಟುಗಳು, ಮಾಸಲು ಬಿಳಿಯವು. ಗಿಡಕ್ಕೆ ರೋಗ ಬಂದಿದೆ ಎಂದುಕೊಂಡಳು. ನಾನು ಒಂದನ್ನು ಬಿಡಿಸಿ ಉಗುರಿನಿಂದ ಸೀಳಿ ಅಂಗೈಯಲ್ಲಿಟ್ಟೆ. ಒಳಗೆ ನಸುಗೆಂಪು, ಆಗಷ್ಟೇ ಕುಯ್ದ ಬೆರಳ ತುದಿಯ ಬಣ್ಣ. ನೋಡುತ್ತಿದ್ದ ಹಾಗೇ ಗಾಳಿ ತಾಗಿ ಕಂದುತ್ತ ಬಂತು.

‘ಅಜ್ಜಿ, ಗಿಡಕ್ಕೂ ರಕ್ತ ಇರುತ್ತಾ?’

ಅತ್ತೆ ಕುಡುಗೋಲು ಪಕ್ಕಕ್ಕಿಟ್ಟು ನೋಡಿದರು. ‘ಅದಾ? ಬೇರ್‌ಗಂಟು. ಅವರೆ ಬೇರಲ್ಲಿ ಇರ್ಬೇಕು ಅದು. ಬೇರೆ ಬೆಳೆ ಮಣ್ಣು ತಿಂತದೆ ಕಣವ್ವ, ಅವರೆ ಮಣ್ಣಿಗೇ ಉಣ್ಣಿಸ್ತದೆ.’

ಮಗುವಿನ ಪ್ರಶ್ನೆಗೂ ಅಜ್ಜಿಯ ಉತ್ತರಕ್ಕೂ ವಿಜ್ಞಾನ ಒಟ್ಟಿಗೇ ತಲೆದೂಗುತ್ತದೆ. ಆ ಕೆಂಪು ನಿಜಕ್ಕೂ ನಮ್ಮ ರಕ್ತದ ಕೆಂಪಿನ ಸಂಬಂಧಿಯೇ. 1939ರಲ್ಲಿ ಜಪಾನಿನ ಕುಬೊ ಎಂಬ ವಿಜ್ಞಾನಿ ಅದು ಹಿಮೋಗ್ಲೋಬಿನ್ ಎಂದು ಗುರುತಿಸಿದರು; ದ್ವಿದಳ ಸಸ್ಯಗಳದ್ದಾದ್ದರಿಂದ ಲೆಗ್‌ಹಿಮೋಗ್ಲೋಬಿನ್ ಎಂಬ ಹೆಸರು ಬಂತು. ಗಂಟಿನ ಒಳಗೆ ರೈಜೋಬಿಯಂ ಬಳಗದ ಬ್ಯಾಕ್ಟೀರಿಯಾಗಳ ವಾಸ. ಗಿಡದ ಬೇರು ಮಣ್ಣಿಗೆ ಒಂದು ರಾಸಾಯನಿಕ ಸುಳಿವು ಬಿಡುತ್ತದೆ; ಬ್ಯಾಕ್ಟೀರಿಯಾ ಅದನ್ನು ತಿಳಿದು ತನ್ನದೊಂದು ಸುಳಿವು ಕಳಿಸುತ್ತದೆ; ಬೇರಿನ ರೋಮ ಬಾಗಿ ಅದನ್ನು ತಬ್ಬಿ ಒಳಕ್ಕೆ ಬಿಟ್ಟುಕೊಳ್ಳುತ್ತದೆ. ಆಮೇಲೆ ಕೊಡುಕೊಳ್ಳುವಿಕೆ. ಗಿಡ ಬಿಸಿಲಿನಲ್ಲಿ ಮಾಡಿದ ಸಕ್ಕರೆಯನ್ನು ಕೆಳಗಿಳಿಸುತ್ತದೆ, ಬ್ಯಾಕ್ಟೀರಿಯಾ ಗಾಳಿಯಲ್ಲಿರುವ ಸಾರಜನಕವನ್ನು ಒಡೆದು ಗಿಡಕ್ಕೆ ಒಗ್ಗುವ ರೂಪದಲ್ಲಿ ಕೊಡುತ್ತದೆ.

ಇದರಲ್ಲೊಂದು ಪೇಚಿದೆ. ಸಾರಜನಕ ಒಡೆಯುವ ಕಿಣ್ವಕ್ಕೆ ಆಮ್ಲಜನಕ ತಾಗಿದರೆ ಕೆಲಸ ಕೆಡುತ್ತದೆ. ಆದರೆ ಅದೇ ಬ್ಯಾಕ್ಟೀರಿಯಾ ಉಸಿರಾಡಲು ಆಮ್ಲಜನಕ ಬೇಕು. ಬೇಕು, ಆದರೆ ಸುಳಿದಾಡಬಾರದು. ಆ ಕೆಂಪು ಇರುವುದು ಇದಕ್ಕಾಗಿ. ಅದು ಆಮ್ಲಜನಕವನ್ನು ಹಿಡಿದಿಟ್ಟುಕೊಂಡು ಅಳತೆ ಮಾಡಿ ಮಾಡಿ ಬಿಡುತ್ತದೆ. ನಮ್ಮ ಮೈಯಲ್ಲಿ ಉಸಿರನ್ನು ಹೊತ್ತು ತಿರುಗುವ ಕೆಲಸವನ್ನು ಬಲ್ಲ ಮನೆತನದ ಒಂದು ವಸ್ತು, ಅವರೆಯ ಬೇರಿನಲ್ಲಿ ಕತ್ತಲೆಯಲ್ಲಿ ಕೂತು ಉಸಿರಿನ ಲೆಕ್ಕ ಬರೆಯುತ್ತಿದೆ. ಗಂಟು ಒಳಗೆ ಕೆಂಪಗಿದ್ದರೆ ಕೆಲಸ ನಡೆಯುತ್ತಿದೆ ಎಂದು ಅರ್ಥ.

ನಮ್ಮ ಸುತ್ತಲಿನ ಗಾಳಿಯಲ್ಲಿ ನೂರಕ್ಕೆ 78 ಭಾಗ ಸಾರಜನಕವೇ. ಅದರಲ್ಲೇ ಮುಳುಗಿದ್ದರೂ ಭತ್ತಕ್ಕಾಗಲಿ ರಾಗಿಗಾಗಲಿ ನಮಗಾಗಲಿ ಅದನ್ನು ನೇರವಾಗಿ ಮುಟ್ಟಲು ಬಾರದು. ಜರ್ಮನಿಯ ಫ್ರಿಟ್ಸ್ ಹೇಬರ್ 1909ರಲ್ಲಿ ಪ್ರಯೋಗಾಲಯದಲ್ಲಿ ಅದನ್ನು ಒಡೆದು ಅಮೋನಿಯಾ ಮಾಡಿ ತೋರಿಸಿದರು, ಕಾರ್ಲ್ ಬಾಷ್ ಅದನ್ನು ಕಾರ್ಖಾನೆಯ ಅಳತೆಗೆ ಏರಿಸಿದರು, 1913ರಲ್ಲಿ ಓಪ್ಪಾವಿನಲ್ಲಿ ಕಾರ್ಖಾನೆ ಶುರುವಾಯಿತು. ಅದಕ್ಕೆ ಬೇಕಾಗುವುದು 400 ಡಿಗ್ರಿ ಮೀರಿದ ಶಾಖ, ಗಾಳಿಯ ನೂರಾರು ಪಟ್ಟು ಒತ್ತಡ. ಅವರೆಯ ಬೇರಿಗೆ ಬನ್ನಿಮಂಟಪದ ಹಿತ್ತಲಿನ ತಂಪು ಸಾಕು. ಯೂರಿಯಾ ಮೂಟೆಯ ಮೂಲ ಹೇಬರ್ ತೋರಿಸಿದ ದಾರಿಯೇ. ಇವತ್ತು ಲೋಕದ ಹೆಚ್ಚುಕಡಿಮೆ ಅರ್ಧ ಜನರ ಅನ್ನ ಆ ದಾರಿಯನ್ನು ನೆಚ್ಚಿಕೊಂಡಿದೆ ಎಂದು ಅಂದಾಜು. ಹೀಗಳೆಯುವ ಮಾತಲ್ಲ. ಆದರೆ ಅದೇ ಅಮೋನಿಯಾದಿಂದ ಮೊದಲನೇ ಮಹಾಯುದ್ಧದಲ್ಲಿ ಜರ್ಮನಿ ಸಿಡಿಮದ್ದನ್ನೂ ಮಾಡಿತು. ಗಾಳಿಯಿಂದ ತೆಗೆದ ಒಂದೇ ಸರಕು ಒಂದು ಬಾಗಿಲಿನಲ್ಲಿ ಹೊಲಕ್ಕೆ ಹೋಯಿತು, ಇನ್ನೊಂದು ಬಾಗಿಲಿನಲ್ಲಿ ರಣರಂಗಕ್ಕೆ.

ಇಲ್ಲಿಗೆ ಬಂದಾಗಲೇ ನನಗೆ ಬನ್ನಿಮರ ಬೇರೆಯಾಗಿ ಕಂಡದ್ದು. ಬನ್ನಿ ಕೂಡ ದ್ವಿದಳ ಬಳಗದ್ದು. ಅವರೆ, ತೊಗರಿ, ಅಲಸಂದೆ, ಹುರುಳಿ, ಕಡಲೆ, ಹೊಂಗೆ, ಹುಣಸೆಗೆಲ್ಲ ದೂರದ ದಾಯಾದಿ. ಅದರ ಬೇರೂ ಬ್ಯಾಕ್ಟೀರಿಯಾದ ಸಖ್ಯ ಮಾಡಿ ಸಾರಜನಕ ಕೂಡಿಸುತ್ತದೆ, ಹತ್ತಾರು ಮೀಟರ್ ಆಳಕ್ಕಿಳಿದು ನೀರು ಹುಡುಕುತ್ತದೆ. ಸುತ್ತಲಿನ ಗಿಡಗಳೆಲ್ಲ ಒಣಗಿ ನಿಂತ ಬೇಸಿಗೆಯಲ್ಲಿ ಬನ್ನಿ ಹಸಿರಾಗಿ ನಿಲ್ಲುತ್ತದೆ. ರಾಜಸ್ಥಾನದ ರೈತರು ಸಜ್ಜೆಯ ಹೊಲದ ನಡುವೆ ಈ ಮರವನ್ನು ಕಡಿಯದೆ ಉಳಿಸಿಕೊಳ್ಳುತ್ತಾರೆ, ಅದರ ಅಡಿಯಲ್ಲಿ ಪೈರು ಚೆನ್ನಾಗಿ ಬರುತ್ತದೆ ಎಂದು. ಎಳೆಗಾಯಿಯ ಪಲ್ಯ ಮಾಡುತ್ತಾರೆ, ಸೊಪ್ಪು ಆಡಿಗೆ ಒಂಟೆಗೆ ಹಾಕುತ್ತಾರೆ. 1730ರಲ್ಲಿ ಜೋಧಪುರದ ಅರಸನ ಆಳುಗಳು ಖೇಜಡ್ಲಿ ಎಂಬ ಹಳ್ಳಿಗೆ ಬನ್ನಿಮರ ಕಡಿಯಲು ಬಂದಾಗ ಬಿಷ್ಣೋಯಿ ಹೆಂಗಸು ಅಮೃತಾದೇವಿ ಮರವನ್ನು ತಬ್ಬಿ ನಿಂತಳು. ಅವಳ ಹಿಂದೆ ಒಬ್ಬೊಬ್ಬರಾಗಿ ಒಟ್ಟು 363 ಜನ ಆ ಮರಗಳಿಗಾಗಿ ಪ್ರಾಣ ಕೊಟ್ಟರು. ಅವರು ಸಾರಜನಕದ ಪಾಠ ಓದಿದವರಲ್ಲ. ಮರ ಇದ್ದರೆ ಬೆಳೆ ಇದೆ, ಬೆಳೆ ಇದ್ದರೆ ನಾವಿದ್ದೇವೆ ಎಂಬುದನ್ನು ಬದುಕಿ ತಿಳಿದವರು.

ಹಾಗೆ ನೋಡಿದರೆ ಪಾಂಡವರು ಆಯುಧ ಇಟ್ಟ ಮರವೇ ತನ್ನ ಬೇರಿನಲ್ಲಿ ಅನ್ನ ಕೂಡಿಸುತ್ತ ನಿಂತಿದೆ. ಕೊಂಬೆಯ ಮೇಲೆ ಗಾಂಡೀವ, ಮಣ್ಣಿನೊಳಗೆ ಗೊಬ್ಬರ. ಮನುಷ್ಯ ಕಾರ್ಖಾನೆಯಲ್ಲಿ ಒಂದೇ ಗಾಳಿಯಿಂದ ಅನ್ನವನ್ನೂ ಮದ್ದುಗುಂಡನ್ನೂ ಮಾಡಿದ. ಮರ ಸಾವಿರಾರು ವರ್ಷ ಅನ್ನವನ್ನಷ್ಟೇ ಮಾಡಿತು. ಹಿರಿಯರಿಗೆ ಈ ರಸಾಯನ ಗೊತ್ತಿತ್ತು ಎಂದು ಹೇಳುವ ಸಾಹಸ ನನಗಿಲ್ಲ, ಆ ಬಗೆಯ ಹೆಮ್ಮೆಯಲ್ಲಿ ನಂಬಿಕೆಯೂ ಇಲ್ಲ. ಆದರೆ ಬರದಲ್ಲೂ ಹಸಿರಾಗಿ ನಿಂತ ಮರವನ್ನು ಅವರು ಕಣ್ಣಾರೆ ಕಂಡಿದ್ದರು. ಗೆದ್ದ ಆಯುಧವನ್ನು ತಂದು ಅದರ ಮುಂದೆ ತಲೆಬಾಗಿಸಬೇಕು ಅನ್ನಿಸುವಷ್ಟು ಆ ನೋಟ ಅವರನ್ನು ತಟ್ಟಿರಬೇಕು.

ಕಂಡದ್ದನ್ನು ಅವರು ಹೊಲದಲ್ಲೂ ಅಳವಡಿಸಿಕೊಂಡಿದ್ದರು. ಹಳೇ ಮೈಸೂರು ಸೀಮೆಯಲ್ಲಿ ರಾಗಿಯನ್ನು ಒಂಟಿಯಾಗಿ ಬಿತ್ತುತ್ತಿದ್ದುದು ಕಡಿಮೆ. ಕೂರಿಗೆಯಲ್ಲಿ ಕೆಲವು ಸಾಲು ರಾಗಿ, ಆಮೇಲೊಂದು ಅಕ್ಕಡಿ ಸಾಲು. ಅದರಲ್ಲಿ ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು, ಜೋಳ, ಹರಳು. ರಾಗಿ ಮುದ್ದೆಗಾದರೆ ಅವರೆ ಸಾರಿಗೆ, ಹುಚ್ಚೆಳ್ಳು ಚಟ್ನಿಪುಡಿಗೆ, ಹರಳು ದೀಪಕ್ಕೆ, ಜೋಳದ ದಂಟು ದನಕ್ಕೆ. ಒಂದು ಕೈಕೊಟ್ಟರೆ ಇನ್ನೊಂದು ಕೈಹಿಡಿಯುತ್ತಿತ್ತು. ಮಣ್ಣಿಗೆ ಉಣ್ಣಿಸುವ ಬೆಳೆ, ಮಣ್ಣನ್ನು ಉಣ್ಣುವ ಬೆಳೆ ಅಕ್ಕಪಕ್ಕ ನಿಲ್ಲುತ್ತಿದ್ದವು. ಒಂದು ಊಟದ ಎಲೆಯನ್ನೇ ಹೊಲದಲ್ಲಿ ಬಡಿಸಿಟ್ಟ ಹಾಗಿರುತ್ತಿತ್ತು ಅಕ್ಕಡಿ ಹೊಲ. ಬೇರುಗಂಟಿನಲ್ಲಿ ಸಾರಜನಕ ಕೂಡುತ್ತದೆ ಎಂದು ಹೆಲ್‌ರೀಗಲ್ ಮತ್ತು ವಿಲ್‌ಫಾರ್ತ್ ಜರ್ಮನಿಯಲ್ಲಿ ಸಾಧಿಸಿ ತೋರಿಸಿದ್ದು 1880ರ ದಶಕದಲ್ಲಿ. ಅಕ್ಕಡಿ ಸಾಲು ಅದಕ್ಕೆ ಕಾದು ಕೂತಿರಲಿಲ್ಲ.

ಅವರೆಯ ಬೆರಗು ಬೇರಿಗೇ ಮುಗಿಯುವುದಿಲ್ಲ. ನಮ್ಮ ನಾಟಿ ಅವರೆಯನ್ನು ಸ್ವಲ್ಪ ಮುಂಚೆ ಹಾಕಿ, ಸ್ವಲ್ಪ ತಡವಾಗಿ ಹಾಕಿ, ಅದು ಹೂವಿಗೆ ಬರುವುದು ಮಾತ್ರ ಚಳಿಗಾಲದ ಹೊಸ್ತಿಲಲ್ಲೇ. ದೀಪಾವಳಿ ಕಳೆದು ಇರುಳು ಉದ್ದವಾಗುತ್ತ ಹೋದಂತೆ ಬಳ್ಳಿಗೆ ಎಲ್ಲಿಂದಲೋ ಕರೆ ಬಂದಂತಾಗಿ ಬಿಳಿ, ನೇರಳೆ ಹೂಗೊಂಚಲು ನೆಟ್ಟಗೆ ನಿಲ್ಲುತ್ತದೆ. ಅವರೆ ಕತ್ತಲೆಯ ಉದ್ದವನ್ನು ಅಳೆಯುತ್ತದೆ. ಗಿಡಗಳು ಹಗಲು–ಇರುಳಿನ ಅಳತೆ ನೋಡಿ ಹೂ ಬಿಡುತ್ತವೆ ಎಂದು ಅಮೆರಿಕದ ಗಾರ್ನರ್ ಮತ್ತು ಅಲಾರ್ಡ್ 1920ರಲ್ಲಿ ಸೋಯಾ, ಹೊಗೆಸೊಪ್ಪಿನ ಮೇಲೆ ಪ್ರಯೋಗ ಮಾಡಿ ಬರೆದರು. 1938ರಲ್ಲಿ ಹ್ಯಾಮ್ನರ್ ಮತ್ತು ಬಾನರ್ ಇನ್ನೊಂದು ಹೆಜ್ಜೆ ಹೋದರು: ಉದ್ದನೆಯ ರಾತ್ರಿಯ ನಡುವೆ ಒಂದೇ ಒಂದು ಗಳಿಗೆ ಬೆಳಕು ಬಿಟ್ಟರೂ ಸಾಕು, ಇಂಥ ಗಿಡ ಹೂ ಬಿಡುವುದನ್ನು ಮರೆಯುತ್ತದೆ. ಗಿಡ ಎಣಿಸುವುದು ಹಗಲನ್ನಲ್ಲ, ಮುರಿಯದ ಇರುಳನ್ನು.

ನಮ್ಮ ಸೈಟಿನಲ್ಲಿ ಇದಕ್ಕೆ ಪುರಾವೆ ತಾನಾಗಿಯೇ ಒದಗಿತು. ಅದರ ಮೂಲೆಯಲ್ಲಿ ಬೀದಿದೀಪದ ಕಂಬವಿದೆ, ಬೆಳ್ಳನೆಯ ಎಲ್‌ಇಡಿ. ಕಂಬದಿಂದ ದೂರದ ಬಳ್ಳಿಗಳೆಲ್ಲ ಹೂವಾಗಿ, ಕಾಯಿ ಕಚ್ಚಿ, ಸೊಗಡು ಸೂಸುತ್ತಿದ್ದರೂ ದೀಪದ ಕೆಳಗಿನವು ಬರೀ ಎಲೆ ಹೊತ್ತು ಹಬ್ಬುತ್ತಲೇ ಇದ್ದವು. ಗೊಬ್ಬರ ಹೆಚ್ಚಾಗಿ ಸೊಕ್ಕಿವೆ ಎಂದರು ಅತ್ತೆ. ಮಗಳು ಮಾತ್ರ ‘ಅವಕ್ಕೆ ನಿದ್ದೆ ಬರ್ತಿಲ್ಲ’ ಎಂದು ಹೇಳಿಬಿಟ್ಟಳು. ದಸರೆಗೆ ಊರಿಗೆ ಊರೇ ದೀಪ ಹಾಕಿಕೊಂಡು ಝಗಮಗಿಸುವಾಗ, ಸಂದಿಗೊಂದಿಯ ಹಿತ್ತಲುಗಳಲ್ಲಿ ಎಷ್ಟು ಬಳ್ಳಿಗಳು ಲೆಕ್ಕ ತಪ್ಪಿ ಕೂರುತ್ತವೋ ಎಂದು ಈಗ ಯೋಚನೆ ಬರುತ್ತದೆ. ಬೆಳಕಿನ ಹಬ್ಬದ ಊರಿನಲ್ಲಿ ಕತ್ತಲೆಯೂ ಒಂದು ಆಹಾರ ಎಂದು ನನಗೆ ಹೇಳಿಕೊಟ್ಟದ್ದು ಅವರೆ.

ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದವರು ಇರುಳಿನ ಹಂಗಿಲ್ಲದ ‘ಹೆಬ್ಬಾಳ ಅವರೆ’ ತಳಿಗಳನ್ನು ರೂಪಿಸಿದ್ದಾರೆ. ವರ್ಷದ ಯಾವ ಕಾಲಕ್ಕೆ ಹಾಕಿದರೂ ಕಾಯಿ ಕೊಡುತ್ತವೆ. ರೈತನಿಗೆ ಅದು ದೊಡ್ಡ ಉಪಕಾರ. ಆದರೂ ಇಬ್ಬನಿ ಬಿದ್ದ ಮೇಲಿನ ನಾಟಿ ಅವರೆಯ ಸೊಗಡು ಮೂಗಿಗೆ ಬಡಿದಾಗ, ಹಿತಕಿದ ಬೇಳೆಯ ಸಾರು ಕುದಿಯುವಾಗ, ಕಾಯುವುದಕ್ಕೂ ಒಂದು ರುಚಿ ಇದೆ ಅನ್ನಿಸುತ್ತದೆ. ವರ್ಷವಿಡೀ ಸಿಗುವುದನ್ನು ಯಾರೂ ಎದುರು ನೋಡುವುದಿಲ್ಲ. ಎದುರು ನೋಡದ ಕಡೆ ಬೆರಗು ಹುಟ್ಟುವುದಿಲ್ಲ.

ತಿಳಿದರೆ ಬೆರಗು ಸಾಯುತ್ತದೆ ಎಂಬ ಒಂದು ಮಾತು ನಮ್ಮಲ್ಲಿ ಬಹಳ ಓಡಾಡುತ್ತದೆ. ಅದನ್ನು ಸುಳ್ಳು ಮಾಡಿದ ಒಂದು ಸಂಸಾರ ಕನ್ನಡಿಗರಿಗೆ ಚೆನ್ನಾಗಿ ಗೊತ್ತು. ಮೈಸೂರಿನಲ್ಲಿ ಓದಿದ ಪೂರ್ಣಚಂದ್ರ ತೇಜಸ್ವಿ 1960ರ ದಶಕದಲ್ಲಿ ಊರು ಬಿಟ್ಟು ಮೂಡಿಗೆರೆಯ ಕಡೆ ತೋಟ ಮಾಡಲು ಹೋದರು. 1966ರಲ್ಲಿ ರಾಜೇಶ್ವರಿಯವರನ್ನು ಮದುವೆಯಾದರು. ಆ ಎಳೆಯ ಸಂಸಾರ ಮೊದಲು ‘ಚಿತ್ರಕೂಟ’ದಲ್ಲಿ, ಆಮೇಲೆ ‘ನಿರುತ್ತರ’ದಲ್ಲಿ ಕಾಫಿಯ ಜೊತೆ, ಮಳೆಯ ಜೊತೆ, ಹಕ್ಕಿ ಹುಳುಗಳ ಜೊತೆ ಇಬ್ಬರು ಹೆಣ್ಣುಮಕ್ಕಳನ್ನು ಬೆಳೆಸಿತು. ಕುವೆಂಪು ಅವರ ಮಗ ಬಯಸಿದ್ದರೆ ಮೈಸೂರಿನಲ್ಲೇ ಮೇಷ್ಟರಾಗಿ ನೆಮ್ಮದಿಯಾಗಿ ಇರಬಹುದಿತ್ತು. ತೇಜಸ್ವಿ ಜಪಾನಿನ ರೈತ ಫುಕುವೊಕಾ ಕುರಿತು ‘ಸಹಜ ಕೃಷಿ’ ಬರೆದರು, ‘ಪರಿಸರದ ಕತೆ’ ಬರೆದರು, ಮಿಲೆನಿಯಂ ಸರಣಿಯಲ್ಲಿ ‘ವಿಸ್ಮಯ ವಿಶ್ವ’ ಎಂದೇ ಹೆಸರಿಟ್ಟ ಪುಸ್ತಕಗಳನ್ನು ತಂದರು. ವಿಜ್ಞಾನವನ್ನು ಅಷ್ಟು ಹಚ್ಚಿಕೊಂಡ ಇನ್ನೊಬ್ಬ ಕನ್ನಡದ ಕತೆಗಾರನನ್ನು ನಾನು ಕಾಣೆ. ಅಷ್ಟು ಬೆರಗಾದವರನ್ನೂ ಕಾಣೆ. ರಾಜೇಶ್ವರಿಯವರ ‘ನನ್ನ ತೇಜಸ್ವಿ’ ಓದಿದವರಿಗೆ ಆ ಬದುಕಿನ ಇನ್ನೊಂದು ಮಗ್ಗುಲೂ ಗೊತ್ತು. ತೋಟದ ಬದುಕು ರಜೆಯ ಪ್ರವಾಸವಲ್ಲ. ಹೊತ್ತು ಹೊತ್ತಿಗೆ ಅಡುಗೆ ಆಗಬೇಕು, ಮಕ್ಕಳು ಸ್ಕೂಲಿಗೆ ಹೋಗಬೇಕು, ಕೆಟ್ಟ ಮೋಟಾರು ಸರಿಯಾಗಬೇಕು. ಬೆರಗು ಇವುಗಳ ನಡುವೆಯೇ ಜಾಗ ಮಾಡಿಕೊಳ್ಳಬೇಕು.

ಈಗ ಮೈಸೂರಿನ ಸುತ್ತ ಇಂಥ ಎಳೆಯ ಸಂಸಾರಗಳು ಹೆಚ್ಚುತ್ತಿವೆ. ಕೆಲವರು ಎರಡೆಕರೆ ಕೊಂಡು ಹೋಗಿ ನೆಲೆಸಿದವರು, ಕೆಲವರು ಶನಿವಾರ ಭಾನುವಾರದ ರೈತರು, ನಮ್ಮಂಥವರು ಇನ್ನೊಬ್ಬರ ಸೈಟಿನ ರೈತರು. ಕಳಲವಾಡಿಯಲ್ಲಿ ಎ.ಪಿ. ಚಂದ್ರಶೇಖರ ಅವರ ‘ಇಂದ್ರಪ್ರಸ್ಥ’ದಂಥ ತೋಟ ನೋಡಿ ಬಂದವರಿಗೆ, ಕಿರುಗಾವಲಿನಲ್ಲಿ ಸೈಯದ್ ಘನಿ ಖಾನ್ ಉಳಿಸಿಕೊಂಡಿರುವ ನೂರಾರು ಭತ್ತದ ತಳಿಗಳನ್ನು ಕಂಡವರಿಗೆ, ಸಹಜ ಸಮೃದ್ಧ ಸಂಸ್ಥೆಯವರ ಬೀಜಮೇಳ, ಗೆಡ್ಡೆಗೆಣಸು ಮೇಳಕ್ಕೆ ಹೋಗಿ ಚೀಲ ತುಂಬಿಕೊಂಡು ಬಂದವರಿಗೆ ಕೈ ಸುಮ್ಮನಿರುವುದಿಲ್ಲ. ಒಳ್ಳೆಯದೇ. ಆದರೆ ಒಂದು ಎಚ್ಚರ ನಮಗೆಲ್ಲ ಇರಬೇಕು. ಬೆಳೆ ಹೋದರೂ ನಮ್ಮ ಮನೆಗೆ ತಿಂಗಳ ಸಂಬಳ ಬರುತ್ತದೆ. ಕೋತಿ ನುಗ್ಗಿ ಬದನೆ ಮುರಿದು ಹೋದರೆ ನಾವು ನಕ್ಕು ಫೋಟೋ ತೆಗೆಯಬಹುದು. ಟೊಮ್ಯಾಟೊಗೆ ಬೆಲೆಯಿಲ್ಲದೆ ಹೊಲದಲ್ಲೇ ಬಿಟ್ಟುಬಂದ ರೈತನ ಮುಂದೆ ಮಣ್ಣಿನ ಬೆರಗಿನ ಮಾತಾಡಿದರೆ ಅದು ಗಾಯದ ಮೇಲೆ ಉಪ್ಪು. ಅವನಿಗೆ ಮೊದಲು ಬೇಕಾದ್ದು ಬೆಲೆ. ಬೆರಗು ಅವನಿಗೆ ನಾವು ಹೇಳಿಕೊಡಬೇಕಾದ್ದೂ ಅಲ್ಲ. ನಮ್ಮ ಅತ್ತೆಯ ಹಾಗೆ ಅವನು ಅದನ್ನು ಹೆಸರಿಡದೆ ಇಟ್ಟುಕೊಂಡಿರುತ್ತಾನೆ.

ಹಿತ್ತಲಿನ ಬೇಸಾಯ ನಮಗೆ ಕೊಟ್ಟದ್ದು ಮುಖ್ಯವಾಗಿ ತರಕಾರಿ ಅ‌ಲ್ಲ. ತಟ್ಟೆಯ ಮುಂದೆ ಕೂತಾಗ ಅರೆಗಳಿಗೆ ಕೈ ತಡೆಯುತ್ತದೆ. ಈ ಕಾಳಿನ ಹಿಂದೆ ಎಷ್ಟು ಇರುಳು ಇದ್ದವು, ಈ ಬೇಳೆಯ ಹಿಂದೆ ಯಾವ ಕೆಂಪು ಕೆಲಸ ಮಾಡಿತು ಎಂಬ ನೆನಪು ಹಾಯುತ್ತದೆ. ಮಗಳು ತಟ್ಟೆಯಲ್ಲಿ ಕಾಳು ಬಿಡುವುದು ಕಡಿಮೆಯಾಗಿದೆ. ನಾವು ಬೈದು ಕಲಿಸಿದ್ದಲ್ಲ. ಆಯುಧಪೂಜೆಯ ದಿನ ಸ್ಕೂಟರಿನ ಪಕ್ಕ ಗುದ್ದಲಿ, ಕುಡುಗೋಲು, ನೀರು ಹಾಯಿಸುವ ಪೈಪು ಇಟ್ಟು ಕುಂಕುಮ ಹಚ್ಚುವಾಗ ಮಗಳು ಬೇರುಗಂಟಿರುವ ಒಂದು ಅವರೆ ಗಿಡವನ್ನೂ ತಂದಿಟ್ಟಳು. ಗಿಡ ಆಯುಧವೇ ಎಂದು ಯಾರೂ ತರ್ಕ ಮಾಡಲಿಲ್ಲ. ಅತ್ತೆ ಅದಕ್ಕೂ ಎರಡು ಅಕ್ಷತೆ ಹಾಕಿದರು.

ಬರುವ ವಿಜಯದಶಮಿಗೆ ನೀವು ಜಂಬೂಸವಾರಿ ನೋಡಲು ಬಂದರೆ, ಬನ್ನಿ ಎಲೆ ಹಂಚಿಕೊಂಡು ಹಿರಿಯರ ಕಾಲಿಗೆ ಬಿದ್ದ ಮೇಲೆ, ಇನ್ನೊಂದು ಸಣ್ಣ ಕೆಲಸ ಮಾಡಿ. ದಸರೆಯ ಹೊತ್ತಿಗೆ ನಮ್ಮ ಸೀಮೆಯಲ್ಲಿ ಹುರುಳಿ ಬಿತ್ತುವ ಹದ ಇನ್ನೂ ತಪ್ಪಿರುವುದಿಲ್ಲ. ಅಂಗಡಿಯಿಂದ ಒಂದು ಹಿಡಿ ಹುರುಳಿ ತನ್ನಿ. ನೆಲವಿದ್ದರೆ ನೆಲದಲ್ಲಿ, ಇಲ್ಲದಿದ್ದರೆ ತಾರಸಿಯ ಕುಂಡದಲ್ಲಿ ಹಾಕಿ. ಕುಂಡಕ್ಕೆ ಬರೀ ತೆಂಗಿನ ನಾರಿನ ಪುಡಿ ತುಂಬಿದ್ದರೆ ಯಾವುದಾದರೂ ಹೊಲದ ಒಂದು ಬೊಗಸೆ ಮಣ್ಣು ಬೆರೆಸಿ. ಬ್ಯಾಕ್ಟೀರಿಯಾ ಬರಬೇಕಾದ್ದು ಅಲ್ಲಿಂದ. ಒಂದೂವರೆ ತಿಂಗಳಾದ ಮೇಲೆ ಮನೆಯ ಮಕ್ಕಳನ್ನು ಕರೆದು ಒಂದು ಗಿಡ ಕಿತ್ತು ಬೇರು ತೊಳೆಯಿರಿ, ಒಂದು ಗಂಟನ್ನು ಉಗುರಿನಿಂದ ಸೀಳಿ ನೋಡಿ. ಒಳಗೆ ಕೆಂಪಗಿದ್ದರೆ, ಆನೆ ಅಷ್ಟು ದೂರ ನಡೆದು ಬರುವುದು ಯಾವುದರ ಮುಂದೆ ತಲೆಬಾಗಲು ಎಂದು ಮಕ್ಕಳಿಗೆ ಹೇಳಿ. ಉಳಿದ ಗಿಡಗಳನ್ನು ಕೀಳಬೇಡಿ, ಬುಡದಲ್ಲಿ ಕೊಯ್ದುಕೊಳ್ಳಿ. ಬೇರು ಮಣ್ಣಿಗೆ ಸೇರಬೇಕಾದ್ದು.